ಗೋಪುರದ ಕೆಳಗಿನ ದನಿ

"ತಡಿಯೋ, ಮೊದಲು ತಮ್ಮನಿಗೆ," ಎಂದು ಅರ್ಜಿಯಾ ಹಿರಿಮಗ ನೆಲ್ಲೊನ ಕೈಗೆ ಸೌಟಿನಿಂದ ಮೆಲ್ಲಗೆ ಬಡಿದಳು. "ನಿನ್ನೆ ಹಾಡಿದ್ದು ಅವ್ನು. ನೀನಲ್ಲ."

ನೆಲ್ಲೊ ನಗುತ್ತ ಬಟ್ಟಲನ್ನು ಹಿಂದಕ್ಕೆಳೆದುಕೊಂಡ. ತಮ್ಮ ಔರೆಲಿಯೊ ಮೇಜುಬಟ್ಟೆಯ ಅಂಚು ನೋಡುತ್ತ ಕೂತಿದ್ದ. ಮಿಲಾನ್, ವಿಯೆನ್ನಾಗಳ ಆಪೆರಾದಲ್ಲಿ ವರ್ಷಗಟ್ಟಲೆ ನಾಯಕನಾಗಿ ಹಾಡಿದ ಗಂಟಲು ಅವನದು. ಈ ಚಳಿಗಾಲದಿಂದ ತಾರಸ್ಥಾಯಿಗೆ ಹೋದರೆ ಒಡೆಯುತ್ತಿತ್ತು. ಬೇರೆ ಊರಾಗಿದ್ದರೆ ನೆಗಡಿಯ ನೆಪ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಪಾರ್ಮಾ ಹುಟ್ಟಿದ ಊರು. ಸ್ವರ ತಪ್ಪಿದರೆ ಇಲ್ಲಿನ ರಂಗಮಂದಿರದ ಗ್ಯಾಲರಿಯ ಜನ ಸಿಳ್ಳೆ ಹೊಡೆದು ಅಣಕಿಸಿ ಸುಮ್ಮನಾಗುವವರಲ್ಲ. ಮಾರನೆಯ ದಿನ ಅವನ ತಾಯಿ ಮಾಂಸದಂಗಡಿಗೆ ಹೋದರೆ ಅಲ್ಲೂ ಅದನ್ನೇ ಎತ್ತುತ್ತಾರೆ.

ನಿನ್ನೆಯ ಆಪೆರಾದ ಮೊದಲ ಅಂಕದಲ್ಲಿ ನಾಯಕ ಗೋಪುರದ ಕೆಳಗೆ, ಪ್ರೇಕ್ಷಕರಿಗೆ ಕಾಣದಂತೆ ಪರದೆಯ ಹಿಂದೆ ನಿಂತು ಹಾಡಬೇಕು. ಎಲ್ಲರೂ ಕಾಯುವ ಎತ್ತರದ ಸ್ವರ ಆ ಹಾಡಿನ ಕೊನೆಗಿತ್ತು. ನೆಲ್ಲೊ ಹಗಲು ಹಂದಿತೊಡೆಗೆ ಉಪ್ಪು ಸವರುವ ಕೆಲಸದವನು, ಸಂಜೆ ಅದೇ ರಂಗಮಂದಿರದ ಮೇಳದಲ್ಲಿ ಒಬ್ಬ; ನಿನ್ನೆ ಮೇಳದವರದು ಸೈನಿಕರ ವೇಷ. ಇಬ್ಬರಿಗೂ ಬಂದದ್ದು ಅಪ್ಪನ ಗಂಟಲು. "ಅಣ್ಣ, ಆ ಒಂದು ಸ್ವರ..." ಎಂದು ಔರೆಲಿಯೊ ಕೇಳಿದ್ದಕ್ಕೆ ನೆಲ್ಲೊ, "ಪಕ್ಕದಲ್ಲೇ ಇರ್ತೀನಿ. ಕೈ ಮುಟ್ಟು," ಎಂದಷ್ಟೇ ಹೇಳಿದ್ದ.

ಆ ಸ್ವರ ಬಂದಾಗ ಔರೆಲಿಯೊ ಅಣ್ಣನ ಕೈ ಮುಟ್ಟಿ, ಬಾಯಿ ಮುಚ್ಚಿದ. ಅಣ್ಣನ ದನಿ ಅವನ ಕಿವಿಯ ಪಕ್ಕದಲ್ಲೇ ಎದ್ದು ಚಾವಣಿ ಮುಟ್ಟಿತು. ಗ್ಯಾಲರಿಗೆ ಹುಚ್ಚು ಹಿಡಿಯಿತು. ಉಳಿದ ಹಾಡುಗಳನ್ನು ಹೇಗೋ ದಾಟಿಸಿ, ಕೊನೆಗೆ ಮುಂದೆ ಬಂದು ತಲೆಬಾಗಿದವನು ಔರೆಲಿಯೊ.

"ಆ ಸ್ವರ ಕೇಳಿ ನನ್ನ ಕೈಕಾಲು ತಣ್ಣಗಾಯ್ತು ಕಣೋ," ಎಂದಳು ಅರ್ಜಿಯಾ. "ನಿಮ್ಮಪ್ಪನೇ ಎದ್ದು ಬಂದಂಗಿತ್ತು. ಆ ಮಾಂಸದಂಗಡಿಯವ್ನು, ಯಾರಿಗೂ ಒಂದು ಒಳ್ಳೆ ಮಾತಾಡದ ಪ್ರಾಣಿ, ಇವತ್ತು ಸಾರಿಗೆ ಮೂಳೆ ಬಿಟ್ಟಿ ಕೊಟ್ಟ." ಆಮೇಲೆ ನೆಲ್ಲೊನ ಕಡೆ ತಿರುಗಿದಳು. "ಅದಿರ್ಲಿ, ಆಗ ನೀನೆಲ್ಲಿ ಹಾಳಾಗೋಗಿದ್ದೆ? ಸೈನಿಕರ ಸಾಲಲ್ಲಿ ಎಲ್ಲರ ಮುಖಾನೂ ಇತ್ತು, ನಿಂದೊಂದಿಲ್ಲ."

ಔರೆಲಿಯೊ ತಲೆಯೆತ್ತಿದ.

"ಬೂಟಿನ ದಾರ ಕಿತ್ತೋಯ್ತಮ್ಮ," ಎಂದ ನೆಲ್ಲೊ.

"ದಾರವಂತೆ. ತಮ್ಮ ಊರಲ್ಲಿ ಹಾಡೋ ದಿನಾನೇ ಕಿತ್ತೋಗ್ಬೇಕಾ? ಹೊಟ್ಟೆಕಿಚ್ಚು ಅಂತಾರೆ ನೋಡ್ದೋರು. ತಪ್ಪಾಯ್ತು ಅನ್ನು ಅವನಿಗೆ."

"ಅಮ್ಮ," ಎಂದ ಔರೆಲಿಯೊ. ಅವಳು ಅವನತ್ತ ನೋಡಿದಳು. ಬೆಳಿಗ್ಗೆ ಅಂಗಡಿಯಲ್ಲಿ ಹತ್ತಿದ ಹೆಮ್ಮೆ ಅವಳ ಮುಖದಿಂದ ಇನ್ನೂ ಇಳಿದಿರಲಿಲ್ಲ.

"ಸಾರಿಗೆ ಉಪ್ಪು ಸರಿಯಾಗಿದೆ," ಎಂದ ಔರೆಲಿಯೊ. ಅವನು ಇನ್ನೂ ಚಮಚವನ್ನೇ ಮುಟ್ಟಿರಲಿಲ್ಲ.

"ತಪ್ಪಾಯ್ತಪ್ಪ," ಎಂದ ನೆಲ್ಲೊ. ಸೀಸೆ ಎತ್ತಿ, ಅಪ್ಪ ಮಾಡುತ್ತಿದ್ದ ಹಾಗೆ ತಮ್ಮನ ಬಿಸಿ ಸಾರಿಗೆ ಕೆಂಪು ವೈನ್ ಸುರಿದ. "ಕುಡಿ. ಗಂಟಲಿಗೆ ಒಳ್ಳೇದು."

ಔರೆಲಿಯೊ ಎರಡೂ ಕೈಯಲ್ಲಿ ಬಟ್ಟಲೆತ್ತಿ ಬಾಯಿಗಿಟ್ಟ. ಸಾರು ಮುಗಿದ ಮೇಲೂ ಅದನ್ನು ಮುಖದಿಂದ ಇಳಿಸಲಿಲ್ಲ. ಇನ್ನೊಂದು ಸೌಟು ತುಂಬಿಕೊಂಡು ಅರ್ಜಿಯಾ ಕಾಯುತ್ತ ನಿಂತಿದ್ದಳು.