ದುರ್ಗಿಯ ಜಗಲಿಯಲ್ಲಿದ್ದ ಮಶಿನ್ನು

ದುರ್ಗಿಯ ಬಿಪಿಎಲ್ ಕಾರ್ಡು ರದ್ದಾಗಿತ್ತು. ಪಂಚಾಯ್ತಿ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಕಾರಣ ಮೂರೇ ಶಬ್ದ: ‘ಸ್ವಂತ ದೋಣಿ ಎಂಜಿನ್’. ಗಂಡ ಸತ್ತು ಒಂಬತ್ತು ವರ್ಷ, ಬುಟ್ಟಿ ಹೊತ್ತು ಅಂಕೋಲೆ ಪೇಟೆಯಲ್ಲಿ ಮೀನು ಮಾರುವವಳಿಗೆ ಎಲ್ಲಿಯ ದೋಣಿ?

ದೋಣಿಯ ಮಶಿನ್ನೇನೋ ಅವಳ ಜಗಲಿಯಲ್ಲಿತ್ತು. ಆದರೆ ಅದು ಅದೇ ಕೇರಿಯ ದೋಣಿಯವ ದತ್ತಾನದು. ಮಳೆಗಾಲಕ್ಕೆ ಮೀನುಗಾರಿಕೆ ಬಂದಾದ ಕೂಡಲೇ ಮಶಿನ್ನು ಬಿಚ್ಚಿ, ನೀರು ನುಗ್ಗದ ದಿಬ್ಬದ ಮೇಲಿನ ಮನೆಯಲ್ಲಿ ಇಡುವುದು ಕೇರಿಯ ರೂಢಿ. ದುರ್ಗಿಯ ಮನೆ ದಿಬ್ಬದ ಮೇಲಿತ್ತು. ತನಿಖೆಯವರು ಬಂದ ದಿನ ಅವಳು ಪೇಟೆಗೆ ಹೋಗಿದ್ದಳು. ಅವರು ಕಂಡದ್ದನ್ನು ಬರೆದುಕೊಂಡು ಹೋದರು.

“ಇದು ಸರ್ಕಾರದ ಸಂಚು, ದುರ್ಗಕ್ಕ. ಬಡವ್ರ ಅಕ್ಕಿ ಕಡಿಯೂಕೆ ಒಂದು ನೆಪ. ನಾಳೆ ಕಾರವಾರದಲ್ಲಿ ಧರಣಿ, ಲಾರಿ ಬತ್ತದೆ. ನೀ ಮುಂದೇ ಕೂತ್ಕಾ,” ಎಂದು ವಿರೋಧ ಪಕ್ಷದ ಸೋಮು ಹೇಳಿಹೋದ.

ಅವನ ಹಿಂದೆಯೇ ಆಳುವ ಪಕ್ಷದ ಹರಿಶ್ಚಂದ್ರ ಬಂದ. “ನಿನ್ ಮೇಲೆ ಅರ್ಜಿ ಬರ್ದವ್ನೇ ಆ ಸೋಮು. ಧರಣಿಗೆ ಹೋದ್ರೆ ಕಾರ್ಡು ಹೋತದೆ, ನೋಡು.”

“ಹೋಗಿ ಎಂಟು ದಿನಾತು. ಇನ್ನೆಂತ ಹೋಗೂದು?” ಎಂದಳು ದುರ್ಗಿ.

ಅವಳು ಇಬ್ಬರನ್ನೂ ನಂಬಲಿಲ್ಲ. ಆದರೆ ಅವಳ ಸಂಶಯವೆಲ್ಲ ದತ್ತಾನ ಮೇಲೆ. ಹೋದ ವರ್ಷವೇ ಎತ್ತರದ ಪಾಯ ಹಾಕಿ ಮನೆ ಕಟ್ಟಿದವನು ಈ ವರ್ಷವೂ ಮಶಿನ್ನು ಇಲ್ಲೇಕೆ ತಂದಿಟ್ಟ? ಅವನ ಕಾರ್ಡು ಗಟ್ಟಿಯಾಗಿ ಉಳಿದಿತ್ತಲ್ಲ! ಜೂನ್ ತಿಂಗಳಲ್ಲಿ “ಸೋರ್ತದಲ್ಲ, ಅತ್ಗೆ,” ಎಂದು ತಾನಾಗಿ ಬಂದು ಮಾಡಿಗೆ ತಾಡಪತ್ರಿ ಹೊದಿಸಿದ್ದ. ಆಗ ಅವಳಿಗೆ ಕಣ್ಣು ತುಂಬಿ ಬಂದಿತ್ತು. ಈಗ ನೋಡಿದರೆ ತಾಡಪತ್ರಿ ಮಶಿನ್ನಿನ ನೆತ್ತಿಯ ಮೇಲಷ್ಟೇ. ಅವಳು ಮಲಗುವ ಮೂಲೆ ಇನ್ನೂ ಸೋರುತ್ತಿತ್ತು.

ದತ್ತಾನ ಹೆಂಡತಿ ಕಾಮಿ ಒಂದು ಪೊಟ್ಟಣ ಒಣ ಶೆಟ್ಲಿ ಸಿಗಡಿ ತಂದುಕೊಟ್ಟಳು.

“ಎಂತಕೆ ಇದು?”

“ಎಂತಕೆ ಅಂದ್ರೆ? ಸಾರು ಮಾಡೂಕೆ.”

ಬೇರೆ ವರ್ಷವಾಗಿದ್ದರೆ ಅದು ಆಗಲೇ ಒಲೆಯ ಮೇಲಿರುತ್ತಿತ್ತು. ದುರ್ಗಿ ಪೊಟ್ಟಣ ಬಿಚ್ಚಲೇ ಇಲ್ಲ.

ಬುಧವಾರ ಪಂಚಾಯ್ತಿಯಲ್ಲಿ ವಿಚಾರಣೆ. ಜವಾನ ಅವಳ ಒದ್ದೆ ಸೀರೆ ನೋಡಿ ಕುರ್ಚಿಯನ್ನು ಗಾಳಿಯಿಲ್ಲದ ಕಡೆ ಎಳೆದುಕೊಟ್ಟ. ಅಧಿಕಾರಿ ತಲೆಯೆತ್ತದೆ ಕೇಳಿದರು: “ನಿಮ್ಮದಲ್ಲದಿದ್ರೆ ಯಾರದು? ಹೆಸರು ಹೇಳಿ. ಅವರದು ರದ್ದಾಗ್ತದೆ, ನಿಮ್ಮದು ಉಳೀತದೆ.”

ದತ್ತಾ ಬಾಗಿಲ ಬಳಿ ನಿಂತಿದ್ದ. ಅವನ ಮನೆಯಲ್ಲಿ ಉಣ್ಣುವ ಬಾಯಿ ಆರು, ತನ್ನದೊಂದೇ ಎಂದು ದುರ್ಗಿ ಎಣಿಸಿದಳು. ಆದರೆ ಆ ಒಂದು ಬಾಯಿಗೂ ಕಡಲು ಬಂದಾದ ತಿಂಗಳಲ್ಲಿ ಬೇರೆ ಅಕ್ಕಿಯಿರಲಿಲ್ಲ. ಅವನೇ ಹೇಳಲಿ ಎಂದು ಅವಳು ಕಾದಳು. ಅವನು ನೆಲ ನೋಡುತ್ತಿದ್ದ.

“ದತ್ತಂದು.”

“ನಂದು, ಸಾಯ್ಬ್ರೆ.”

ಎರಡು ಮಾತೂ ಒಟ್ಟಿಗೇ ಬಂದವು. ಅಧಿಕಾರಿ ಒಂದು ಹೆಸರು ಹೊಡೆದು, ಇನ್ನೊಂದನ್ನು ಬರೆದುಕೊಂಡರು.

ವಾಪಸು ಬರುವಾಗ ಗದ್ದೆಯ ಬದುವಿನ ಹಾಳಿಯ ಮೇಲೆ ಅವನು ಮುಂದೆ, ಅವಳು ಹಿಂದೆ. ದುರ್ಗಿ ಕೇಳಿಯೇಬಿಟ್ಟಳು: “ನಾ ಹೇಳದೇ ಇದ್ರೆ ನೀ ಹೇಳ್ತಿದ್ಯಾ, ದತ್ತಾ?”

“ನಾ ಹೇಳ್ತೆ ಅಂತ ಗೊತ್ತಿದ್ರೆ ನೀ ಸುಮ್ನೆ ಇರ್ತಿದ್ಯಾ, ಅತ್ಗೆ?”

ಹಳ್ಳದ ಮೇಲಿನ ಕಾಲುಸಂಕ ಪಾಚಿಗಟ್ಟಿ ಜಾರುತ್ತಿತ್ತು. ದತ್ತಾ ಮೊದಲು ದಾಟಿ, ತಿರುಗಿ ಕೈಚಾಚಿದ. ದುರ್ಗಿ ಆ ಕೈಯನ್ನು ಒಂದು ಗಳಿಗೆ ನೋಡಿದಳು, ಆಮೇಲೆ ಹಿಡಿದುಕೊಂಡಳು.