ದೊಸಿಂಡಳ ಚಿಪ್ಪಿ, ಎಲಾದಿಯೊನ ಹೊಟ್ಟೆ

ಎಲಾದಿಯೊನಿಗೆ ಕಡಲೆಂದರೆ ಅಷ್ಟಕ್ಕಷ್ಟೇ. ಕಡಲಿನಿಂದ ಬಾಣಲೆಗೆ ಬಂದದ್ದೆಂದರೆ ಪ್ರಾಣ. ಹೆಂಡತಿ ದೊಸಿಂಡ ನಲವತ್ತು ವರ್ಷ ಸ್ಪೇನಿನ ಗಲಿಸಿಯಾದ ಒಂದೇ ಕೊಲ್ಲಿಯಲ್ಲಿ, ನೀರು ಇಳಿದಾಗಲೆಲ್ಲ ಸೊಂಟ ಬಗ್ಗಿಸಿ ಚಿಪ್ಪಿ ಕೆದಕಿದವಳು. ಈ ಪುಣ್ಯಾತ್ಮನಿಗೆ ಊರ ಚಿಪ್ಪಿ ಯಾವುದು, ಜಪಾನಿನಿಂದ ತಂದು ಬಿತ್ತಿದ್ದು ಯಾವುದು ಎಂದು ನೋಡಿದರೆ ಇವತ್ತಿಗೂ ಗೊತ್ತಾಗದು. ಬೆಳ್ಳುಳ್ಳಿ, ಬಿಳಿ ವೈನು ಬಿದ್ದ ಮೇಲೆ ಎಲ್ಲವೂ ಒಂದೇ ಎಂಬುದು ಅವನ ವೇದಾಂತ. ಆ ವೇದಾಂತವೇ ಈಗ ಕುತ್ತಿಗೆಗೆ ಬಂದಿತ್ತು.

ಚಿಪ್ಪಿ ಕೆದಕುವವರ ಸಂಘದ ಕೊಠಡಿಯಲ್ಲಿ ಹೆಂಗಸರೆಲ್ಲ ಬೂಟು ಬಿಚ್ಚದೆ ಕೂತಿದ್ದರು. ಕೊಲ್ಲಿಯಲ್ಲಿ ದೊಸಿಂಡ ಕಾಯ್ದುಕೊಂಡು ಬಂದ ಮೂಲೆಯ ಚಿಪ್ಪಿಗಳು ಅಪ್ಪಟ ಊರ ತಳಿ ಎಂದಾದರೆ ಆ ಜಾಗಕ್ಕೆ ರಕ್ಷಣೆ. ಮರಿ ಮಾಡಿಸಲು ತಾಯಿ ಚಿಪ್ಪಿಗಳೂ ಅಲ್ಲಿಂದಲೇ. ಇಲ್ಲವಾದರೆ ಅಲ್ಲಿಗೂ ಬೇಗ ಬೆಳೆಯುವ ಜಪಾನಿ ಬೀಜ. ಡಿಎನ್ಎ ಪರೀಕ್ಷೆ ಮಾಡಿದ ಸಬೆಲಾ ಕಾಗದ ಬಿಡಿಸಿದಳು.

"ಪರೀಕ್ಷೆಗೆ ಬಂದ ಮೂವತ್ತರಲ್ಲಿ ಹದಿನೆಂಟು ಅಪ್ಪಟ. ಹನ್ನೆರಡು ಜಪಾನಿ. ವಿಚಿತ್ರ ಅಂದ್ರೆ ಆ ಹನ್ನೆರಡೂ ಒಂದೇ ತಾಯಿ ಮಕ್ಕಳು. ಕಡಲಲ್ಲಿ ಹೀಗೆ ಒಟ್ಟಿಗೆ ಸಿಗೋದು ಅಪರೂಪ. ಎಲ್ಲೋ ಸಾಕಿದ ಚಿಪ್ಪಿ ಥರ ಇದೆ."

"ಏನೇ ದೊಸಿಂಡಾ, ಜಪಾನಿ ನೆಂಟ್ರು ಯಾವಾಗ ಬಂದ್ರೇ?" ಹಿಂದಿನ ಸಾಲಿನಿಂದ ಯಾರೋ ಕಿಚಾಯಿಸಿದರು.

ಬಾಯಿಗೆ ಬೀಗವೇ ಇಲ್ಲದ ದೊಸಿಂಡ ತಲೆ ತಗ್ಗಿಸಿ ತನ್ನ ಅಂಗೈ ನೋಡಿಕೊಂಡಳು. ಪಕ್ಕದಲ್ಲೇ ಕೂತಿದ್ದ ಎಲಾದಿಯೊನಿಗೆ ಅದನ್ನು ನೋಡಲಾಗಲಿಲ್ಲ. ಎದ್ದು ನಿಂತ.

"ಆ ಹನ್ನೆರಡು... ಅದರ ಜಾಗದಲ್ಲಿದ್ದದ್ದನ್ನ ನಾನು ತಿಂದೆ."

"ಏನಂದ್ರಿ?" ಎಂದಳು ಸಬೆಲಾ.

"ಪರೀಕ್ಷೆಗೆ ನಿಮ್ಮಲ್ಲಿ ಕೊಟ್ಟು ಬಾ ಅಂತ ಇವಳು ಚೀಲ ನನ್ನ ಕೈಗೆ ಕೊಟ್ಟಿದ್ಲು. ದಾರೀಲಿ ತಂಗಿ ಮನೆ. ಬಾಣಲೆ ಬೇರೆ ಒಲೆ ಮೇಲೇ ಇತ್ತು. ಆಮೇಲೆ ಭಯ ಆಯ್ತು, ಪೇಟೇಲಿ ಹನ್ನೆರಡು ಕೊಂಡು ತುಂಬಿಸ್ದೆ."

ಸೂರು ಹಾರಿಹೋಗುವಷ್ಟು ನಗು. ದೊಸಿಂಡ ಮಾತ್ರ ನಗಲಿಲ್ಲ.

"ತಿಂದಿದ್ದು ಹಾಳಾಗ್ಲಿ! ನಲವತ್ತು ವರ್ಷ ನನ್ನ ಜೊತೆ ಬಾಳಿ ಯಾವ ಚಿಪ್ಪಿ ಯಾವ್ದು ಅಂತ ಗೊತ್ತಾಗ್ಲಿಲ್ವೇನೋ ಹೊಟ್ಟೆಬಾಕ?"

"ಎಲ್ಲಾ ಒಂದೇ ಅಂತಿದ್ದೆ ಕಣೇ. ಅವತ್ತು ತಿಂದಾಗ ಗೊತ್ತಾಯ್ತು. ನಿನ್ನದು ಬೇರೇನೇ."

ಸಬೆಲಾ ನಗು ನುಂಗಿಕೊಂಡು ಹೇಳಿದಳು: "ಹೊಸದಾಗಿ ಹನ್ನೆರಡು ತಂದ್ಕೊಡಿ. ಅದನ್ನೂ ನೋಡಿ ತೀರ್ಮಾನ ಮಾಡೋಣ."

ಮರುದಿನ ನೀರು ಇಳಿದಾಗ, ಫೆಬ್ರವರಿಯ ಕೊರೆಯುವ ಚಳಿಯಲ್ಲಿ, ಹೆಂಡತಿಯ ಹಳೇ ಬೂಟು ತೊಟ್ಟು ಎಲಾದಿಯೊ ಮೊಣಕಾಲುದ್ದ ನೀರಿಗಿಳಿದ. ಕೆದಕಿ ಕೆದಕಿ ಸೊಂಟ ಹಿಡಿದುಕೊಂಡ ಮೇಲೆ ಒಂದು ಚಿಪ್ಪಿ ಸಿಕ್ಕಿತು. ದೊಸಿಂಡ ಅದನ್ನು ನೀರಿನ ಬೋಗುಣಿಯಲ್ಲಿಟ್ಟು ಕಾದಳು. ಅದು ಮೆಲ್ಲಗೆ ಎರಡು ಕೊಳವೆ ಚಾಚಿತು. ಎರಡೂ ಬುಡದಿಂದಲೇ ಬೇರೆ ಬೇರೆ; ಜಪಾನಿಯದಾದರೆ ಬುಡದಲ್ಲಿ ಅಂಟಿಕೊಂಡಿರುತ್ತವೆ. ಅಪ್ಪಟ ಊರಿನದು.

ಅವಳ ಮುಖ ಅರಳಿತು. ಚಿಪ್ಪಿಯನ್ನು ಚೀಲಕ್ಕೆ ಹಾಕಿ, ಚೀಲವನ್ನು ತನ್ನ ಸೊಂಟಕ್ಕೇ ಭದ್ರವಾಗಿ ಕಟ್ಟಿಕೊಂಡಳು.

"ಇನ್ನು ಹನ್ನೊಂದು," ಎಂದಳು.