ತೆರೆದರೆ ಗ್ಯಾರಂಟಿ ಇಲ್ಲ

ಕಿಡ್ನಿ ಸೋತ ಮೇಲೆ ಗಡಿಯಾರ ರಿಪೇರಿಯವನ ಮೈಯಲ್ಲಿ ಗಾಯ ಮಾಯುವುದೆಂದರೆ ಆಮೆ ನಡಿಗೆ. ಕಾಲ್ಬೆರಳಿನ ಹುಣ್ಣಿಗೆ ನರ್ಸಮ್ಮ ಔಷಧಿ ಜೇನಿನ ಮುಲಾಮು ಹಚ್ಚಿ ಪಟ್ಟಿ ಕಟ್ಟಿದ್ದರು. "ಮೂರು ದಿನ ಮುಟ್ಟಬೇಡಿ. ಈ ಸಲವೂ ಮಾಯದಿದ್ರೆ ಬೆರಳು ಉಳಿಯೋದು ಕಷ್ಟ" ಎಂದಿದ್ದರು.

ಮೂವತ್ತು ವರ್ಷ ವಾಚಿನ ಮುಚ್ಚಳ ಬಿಚ್ಚಿದ ಕೈ ಸುಮ್ಮನಿರುತ್ತದೆಯೇ? ಮಧ್ಯಾಹ್ನದೊಳಗೆ ಎರಡು ಸಲ ಪಟ್ಟಿ ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದ. ಮೂರನೆಯ ಸಲ ಮಗಳ ಕೈಗೆ ಸಿಕ್ಕಿಬಿದ್ದ.

"ಏನಪ್ಪಾ ಇದು?"

"ನಡೀತಿದೆಯಾ ಅಂತ ನೋಡ್ದೆ ಕಣಮ್ಮ."

"ನಿನ್ನ ಗಿರಾಕಿ ಹಿಂಗೆ ಗಳಿಗೆಗೊಂದ್ಸಲ ವಾಚ್ ಬಿಚ್ಚಿದ್ರೆ ಏನಂತೀಯ?"

"ಶತಮೂರ್ಖ ಅಂತೀನಿ" ಎಂದುಬಿಟ್ಟ. ಬೈಗುಳ ತನಗೇ ಬಂದು ತಗುಲಿದ್ದು ಆಮೇಲೆ ಹೊಳೆಯಿತು.

ಅವನನ್ನು ಮತ್ತೆ ನರ್ಸಮ್ಮನ ಬಳಿ ಎಳೆದೊಯ್ದು ಹೊಸ ಪಟ್ಟಿ ಕಟ್ಟಿಸಿದ ಮಗಳು, ರಿಪೇರಿಯಾದ ವಾಚಿಗೆ ಅವನೇ ಅಂಟಿಸುವ ಚೀಟಿಯೊಂದನ್ನು ಆ ಪಟ್ಟಿಯ ಮೇಲೆ ಅಂಟಿಸಿದಳು: "ತೆರೆದರೆ ಗ್ಯಾರಂಟಿ ಇಲ್ಲ." ಅವನು ತನ್ನ ಕಾನೂನಿಗೆ ತಾನೇ ತಲೆಬಾಗಿ ಮೂರು ದಿನ ಕೈಕಟ್ಟಿ ಕೂತ.

ನಾಲ್ಕನೆಯ ದಿನ ನರ್ಸಮ್ಮ ಚೀಟಿ ಓದಿ ನಗುತ್ತಲೇ ಪಟ್ಟಿ ಬಿಚ್ಚಿದರು. ಹುಣ್ಣು ಕಿರಿದಾಗಿ, ಅಂಚಿನಲ್ಲಿ ಹೊಸ ಚರ್ಮ ಬಂದಿತ್ತು.

"ಸದ್ಯ, ಬೆರಳು ಬಚಾವ್" ಎಂದರು.

"ಮೂವತ್ತು ವರ್ಷದಲ್ಲಿ ನಾನು ಕೈ ಹಾಕದೆ ರಿಪೇರಿಯಾದ ಮೊದಲನೇ ಮಾಲು ಇದೇ ನೋಡಿ" ಎಂದ ಅವನು.